ಊರಿಲ್ಲದ ಹೈಜಾ

ನನ್ನ ಮೊದಲ ನೌಕರಿ ಸತ್ತವರನ್ನು ಕೂಡಿಸುವುದಾಗಿತ್ತು. ಹೈದರಾಬಾದ್ ಸಂಸ್ಥಾನದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೆರಡು ವರ್ಷವಾಗಿರಬೇಕು. ತಾಲೂಕಿನ ಆರೋಗ್ಯ ದಫ್ತರಿನಲ್ಲಿ ನನಗೊಂದು ಕುರ್ಚಿ, ಮೇಜು ಮತ್ತು ನೀಲಿ ಶಾಯಿಯ ದೌತಿ ಸಿಕ್ಕಿದ್ದವು. ಪ್ರತಿ ಶನಿವಾರ ಹಳ್ಳಿಗಳ ಪೊಲೀಸ್ ಪಾಟೀಲರಿಂದ ಚೀಟಿಗಳು ಬರುತ್ತಿದ್ದವು. ಯಾವ ಊರಲ್ಲಿ ಎಷ್ಟು ಜನ ಹೈಜಾ, ಅಂದರೆ ಕಾಲರಾ ಆಗಿ ಸತ್ತರು, ಎಷ್ಟು ಜನ ಪ್ಲೇಗಿಗೆ, ಎಷ್ಟು ಜನ ಸಿಡುಬಿಗೆ ಎಂದು ಅವುಗಳಲ್ಲಿ ಬರೆದಿರಬೇಕಿತ್ತು. ಅದನ್ನೆಲ್ಲ ನಾನು ಒಂದು ದೊಡ್ಡ ಹಾಳೆಗೆ ಏರಿಸಿ ಸೋಮವಾರದ ರೈಲಿಗೆ ಹೈದರಾಬಾದಿಗೆ ಕಳಿಸಬೇಕಿತ್ತು.

ಚೀಟಿಗಳನ್ನು ನಂಬಿದರೆ ನಮ್ಮ ತಾಲೂಕಿನಲ್ಲಿ ಜನ ಬುಖಾರ್, ಅಂದರೆ ಜ್ವರ, ಒಂದರಿಂದಲೇ ಸಾಯುತ್ತಿದ್ದರು. ಬಾವಿಗೆ ಬಿದ್ದವನಿಗೂ ಬುಖಾರ್, ಹಾವು ಕಡಿದವಳಿಗೂ ಬುಖಾರ್. ಕಾಗಿಣಾ ಹೊಳೆ ದಂಡೆಯ ಒಬ್ಬ ಪಾಟೀಲರನ್ನು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ತಮ್ಮ ರುಮಾಲು ಸರಿಮಾಡಿಕೊಂಡು ಸಾವಕಾಶವಾಗಿ ಹೇಳಿದರು: "ಹೈಜಾ ಅಂತ ಬರದ್ರ ನಿಮ್ಮ ಮಂದಿ ಬರ್ತಾರ. ಎಂಟು ದಿನ ಕುಂದರ್ತಾರ. ಸಂತಿ ಬಂದ್ ಮಾಡ್ತಾರ, ನಮ್ಮ ಕೋಳಿ ಖಾಲಿ ಮಾಡ್ತಾರ. ಬುಖಾರ್ ಅಂದ್ರ ಯಾರೂ ಬರಂಗಿಲ್ಲ. ನೀವೇ ಹೇಳ್ರಿ, ಏನ್ ಬರೀಬೇಕು?"

ನನ್ನ ಮೇಲಿನ ದೊಡ್ಡ ಗುಮಾಸ್ತರಿಗೂ ಬುಖಾರ್ ಮೇಲೆ ಬಹಳ ಪ್ರೀತಿ. ಸಭ್ಯರು, ಯಾರ ಮೇಲೂ ದನಿ ಎತ್ತಿದವರಲ್ಲ. ಬೆಳಿಗ್ಗೆ ಬಂದವರೇ ಮೇಜಿನ ಧೂಳನ್ನು ತಾವೇ ಒರೆಸುತ್ತಿದ್ದರು. ನನ್ನ ಹಾಳೆಯನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು. ಹೈಜಾದ ಕಾಲಮ್ಮಿನಲ್ಲಿ ಏನಾದರೂ ಕಂಡರೆ ಅದು ಅವರಿಗೆ ಧೂಳಿನಂತೆಯೇ. "ಹಾಳಿ ಸ್ವಚ್ಛ ಇರಬೇಕು ನೋಡ್ರಿ," ಎನ್ನುತ್ತಿದ್ದರು.

ನನ್ನ ನೌಕರಿಯ ಮೂರನೆಯ ವರ್ಷ ಉರ್ದು ಫಾರ್ಮುಗಳು ಹೋಗಿ ಇಂಗ್ಲಿಷಿನವು ಬಂದವು. ಜೊತೆಗೆ ಒಂದು ಹುಕುಮು: ರೋಗವಿಲ್ಲದ ಊರುಗಳು ಕಾಲಮ್ಮನ್ನು ಖಾಲಿ ಬಿಡಬಾರದು, 'ನಿಲ್' ಎಂದು ಬರೆಯಬೇಕು. ಉರ್ದು ಶಾಲೆಯಲ್ಲಿ ಕಲಿತ ನಮಗೆ ಯಾರಿಗೂ ಈ ಶಬ್ದ ಗೊತ್ತಿರಲಿಲ್ಲ. ರೈಲಿನವರಿಗೆ ಇಂಗ್ಲಿಷ್ ಬರುತ್ತದೆಂದು ದೊಡ್ಡ ಗುಮಾಸ್ತರು ನನ್ನನ್ನು ವಾಡಿ ಜಂಕ್ಷನ್ನಿಗೆ ಕಳಿಸಿದರು. ಅಲ್ಲಿಯ ಪಾರ್ಸಲ್ ಬಾಬು ನನ್ನನ್ನು ಅರ್ಧ ಗಂಟೆ ಕೂಡಿಸಿ, ಚಹಾ ಕುಡಿಸಿ, "ನಿಲ್ ಅಂದ್ರ ಏನೂ ಇಲ್ಲ," ಎಂದು ಹೇಳಿ ಕಳಿಸಿದ. ಹಳ್ಳಿಗಳಿಗೆಲ್ಲ ಹುಕುಮು ಹೋಯಿತು; ಅರ್ಥ ಹೋಗಲಿಲ್ಲ. ಮುಂದಿನ ಶನಿವಾರ ಒಂದು ಊರಿನಿಂದ ಚೀಟಿ ಬಂತು: 'ನಮ್ಮಲ್ಲಿ ಈ ವಾರ ನಿಲ್ ಬಂದು ಮೂವರು ಸತ್ತಿದ್ದಾರೆ. ಔಷಧ ಕಳಿಸಬೇಕು.' ನಾನು ನಕ್ಕೆ. ದೊಡ್ಡ ಗುಮಾಸ್ತರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ನಿಲ್ ಎಂಬುದನ್ನು ಉಳಿಸಿಕೊಂಡು ಮೂವರನ್ನು ಹೊಡೆದುಹಾಕಿದರು.

ಆ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ದಾಕು ಹಾಕುವ ಮನುಷ್ಯ ಸೈಕಲ್ ತಳ್ಳಿಕೊಂಡು ಬಂದ. ದಾಕು ಅಂದರೆ ಸಿಡುಬಿನ ಚುಚ್ಚುಮದ್ದು. ಅವನಿಗೆ ಐವತ್ತು ದಾಟಿತ್ತು. ಸೇಡಂನಿಂದ ಶಹಾಬಾದದವರೆಗೆ ಮಕ್ಕಳೆಲ್ಲ ಅವನ ಸೈಕಲ್ ಗಂಟೆ ಕೇಳಿದರೆ ಜೋಳದ ಹೊಲ ಹೊಕ್ಕು ಅಡಗುತ್ತಿದ್ದರು. ಅವನು ಕುಳಿತುಕೊಳ್ಳಲಿಲ್ಲ. "ಶಹಾಬಾದದ ಗಣಿ ಗುಡಿಸಲದಾಗ ಮಂದಿ ಸಾಯ್ಲಿಕತ್ತಾರ್ರಿ. ವಾಂತಿ, ಭೇದಿ. ಹೈಜಾನೇ ಅದ," ಎಂದ.

ದೊಡ್ಡ ಗುಮಾಸ್ತರು ಚೀಟಿಗಳ ಕಟ್ಟು ಬಿಚ್ಚಿ ಒಂದೊಂದಾಗಿ ತಿರುವಿದರು. "ಅಲ್ಲಿಂದ ರಿಪೋರ್ಟ್ ಬಂದಿಲ್ಲಲ್ಲ," ಎಂದರು.

"ಹೆಣ ಬಂದಾವ್ರಿ," ಎಂದ ಅವನು.

ತೊಡಕು ಇದ್ದದ್ದು ಅಲ್ಲೇ. ಗಣಿಯ ಆಳುಗಳು ಯಾವ ಊರಿನವರೂ ಆಗಿರಲಿಲ್ಲ. ಸೇಡಂ ಕಡೆಯವರು, ಚಿಂಚೋಳಿ ಆಚೆಯ ತೆಲುಗರು, ಹಾಸುಗಲ್ಲು ಎಬ್ಬಿಸಲು ಬಂದು ಗುಡಿಸಲು ಹಾಕಿಕೊಂಡವರು. ನಾವು ಕಾಗದ ಬರೆದೆವು. ಗುಡಿಸಲುಗಳು ರೈಲಿನ ಜಾಗದಲ್ಲಿವೆ ಎಂದ ಗಣಿಯ ಗುತ್ತೇದಾರ. ಅವರು ಗುತ್ತೇದಾರನ ಆಳುಗಳು ಎಂದರು ರೈಲಿನವರು. ಪಕ್ಕದ ಊರಿನ ಪಾಟೀಲರು, ಅವರು ತಮ್ಮ ಊರಲ್ಲಿ ಹುಟ್ಟಿಲ್ಲವಾದ್ದರಿಂದ ತಮ್ಮ ಊರಲ್ಲಿ ಸಾಯಲು ಬರುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಮೂರೂ ಉತ್ತರಗಳನ್ನು ದೊಡ್ಡ ಗುಮಾಸ್ತರು ಚೆಂದಾಗಿ ಪೋಣಿಸಿ ಕಡತ ಮಾಡಿದರು. ಆಮೇಲೆ ನನ್ನನ್ನು ಕರೆದು, "ದಾಕಿನವನ ಕೂಡ ಹೋಗಿ, ಅಲ್ಲಿ ಹೈಜಾ ಇಲ್ಲಂತ ಒಂದು ರಿಪೋರ್ಟ್ ತಗೊಂಡ ಬರ್ರಿ," ಎಂದರು.

ನಾವು ಹೋದೆವು. ಮಳೆ ನಿಂತು ಕಲ್ಲಿನ ರಾಶಿಗಳು ಬಿಸಿಲಿಗೆ ಹಬೆಯಾಡುತ್ತಿದ್ದವು. ಗುಡಿಸಲುಗಳ ಮುಂದೆ ಹೋಗಿ ನಿಂತೆವು. ನಾನು ರಿಜಿಸ್ಟರ್ ತೆಗೆದದ್ದೇ ತಡ, ತೆರೆದಿದ್ದ ನಾಲ್ಕು ಬಾಗಿಲೂ ಮುಚ್ಚಿದವು. ರಿಜಿಸ್ಟರ್ ಹಿಡಿದವನು ಕಾಯಿಲೆಯವರನ್ನು ಎತ್ತಿಕೊಂಡು ಹೋಗಿ ಸುಡುತ್ತಾನೆಂದು ಸುದ್ದಿಯಿತ್ತಂತೆ.

ಕೊನೆಗೆ ದಾಕಿನವನು ನನ್ನನ್ನು ಒಂದು ತಟ್ಟಿಯ ಖಾನಾವಳಿಗೆ ಕರೆದುಕೊಂಡು ಹೋದ. ಅದನ್ನು ನಡೆಸುತ್ತಿದ್ದವಳು ಮಳಖೇಡದ ಕಡೆಯ ವಿಧವೆ. ಕೊರಳಲ್ಲಿ ಲಿಂಗ, ಮೊಣಕೈವರೆಗೆ ಜೋಳದ ಹಿಟ್ಟು. ಗಣಿಯ ಒಂಟಿ ಆಳುಗಳೆಲ್ಲ ಅವಳಲ್ಲೇ ಉಣ್ಣುತ್ತಿದ್ದರು.

"ಏನ್ ಬರ್ಕೊಳ್ಳಾಕ ಬಂದೀರಿ?" ಎಂದು ಕೇಳಿದಳು.

ಸುಳ್ಳು ಹೇಳಲು ನಾಚಿಕೆಯಾಯಿತು. "ಇಲ್ಲಿ ಹೈಜಾ ಇಲ್ಲ ಅಂತ," ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾರ ಕುಂದ್ರಿ. ಸೋಮವಾರ ಮುಂಜಾನಿ ಇಪ್ಪತ್ತೊಂದು ಮಂದಿ ಉಂಡ್ರು. ಸಂಜಿಗಿ ಹದಿನೇಳು. ಮಂಗಳವಾರ ಹದಿನಾಕು. ಬರದವರು ಎಲ್ಲಿ ಹ್ವಾದ್ರು ಅಂತ ನಾ ಹುಡುಕ್ಕೊಂಡ ಹೋಗೀನಿ. ನೀವು ಹೋಗೀರೇನು?"

ಮೂರು ವರ್ಷ ದಫ್ತರಿನಲ್ಲಿ ಕುಳಿತರೂ ನನಗೆ ಸಿಗದ ಲೆಕ್ಕ ಅವಳ ಬಾಯಲ್ಲಿತ್ತು. ಯಾರಿಗೆ ಮೊದಲು ಬಂತು, ಯಾರ ಗುಡಿಸಲಿನಲ್ಲಿ, ಯಾರು ಎದ್ದರು, ಯಾರು ಏಳಲಿಲ್ಲ. ನಾನು ಬರೆಯತೊಡಗಿದೆ. ಅವಳು ಇನ್ನೊಂದು ಮಾತೂ ಹೇಳಿದಳು: "ಎಲ್ಲಾರೂ ಹಳೀ ಗಣಿ ತೆಗ್ಗಿನ ನೀರು ಕುಡಿಯೋರು. ರೈಲಿನ ನಳದಿಂದ ಕದ್ದು ತರೋರಿಗಿ ಏನೂ ಆಗಿಲ್ಲ. ನಾ ಕದ್ದೇ ತರ್ತೀನಿ."

ಕಲ್ಲು ತೆಗೆದು ಬಿಟ್ಟ ಆ ತಗ್ಗನ್ನು ಹೋಗಿ ನೋಡಿದೆವು. ಮಳೆನೀರು ಹಸಿರುಗಟ್ಟಿತ್ತು, ದಂಡೆಯಲ್ಲೇ ಯಾರೋ ಕಾಯಿಲೆಯವರ ಬಟ್ಟೆ ಒಗೆಯುತ್ತಿದ್ದರು. ದಾಕಿನವನು ಸೈಕಲ್ಲಿಗೆ ಒರಗಿ ನಿಂತ.

ಪಟ್ಟಿಯಲ್ಲಿ ಒಬ್ಬನ ಹೆಸರು ಮಾತ್ರ ಸಿಗಲಿಲ್ಲ. ಅವನನ್ನು ಎಲ್ಲರೂ 'ತೆಲುಗಿನವ' ಎಂದಷ್ಟೇ ಕರೆಯುತ್ತಿದ್ದರು. ಹೆಸರಿಲ್ಲದೆ ಬರೆಯಲು ಬರುವುದಿಲ್ಲ ಎಂದೆ. ಅವಳು ನನ್ನನ್ನು ನೋಡಿದಳು. "ಅಂವಾ ದಿನಾ ಆರು ರೊಟ್ಟಿ ಉಣ್ತಿದ್ದ. ಖಾರ ಭಾಳ ಬೇಡ್ತಿದ್ದ. ಇಷ್ಟು ಸಾಲದೇನ್ರಿ ನಿಮಗ?" ಎಂದಳು. ನಾನು 'ತೆಲುಗಿನವ, ಕಲ್ಲು ಕಡಿಯುವವ' ಎಂದು ಬರೆದೆ.

ಮರಳಿ ಬಂದು ಪಟ್ಟಿಯನ್ನು ದೊಡ್ಡ ಗುಮಾಸ್ತರ ಮುಂದಿಟ್ಟೆ. ಅವರು ಪೂರ್ತಿ ಓದಿದರು. ಅವರ ಮುಖ ಇಳಿದದ್ದು ನಿಜ. ಆದರೆ ಬೆರಳು ಹೋಗಿ ನಿಂತದ್ದು ಮೊದಲನೆಯ ಕಾಲಮ್ಮಿನ ಮೇಲೆ. "ಊರಿನ ಹೆಸರು ಇಲ್ಲ. ಊರು ಇಲ್ದಂಗ ಇದು ಮುಂದ ಹೋಗಂಗಿಲ್ರಿ," ಎಂದರು.

ಆ ಸಂಜೆ ನಾನು ನೌಕರಿಯಲ್ಲಿ ಮಾಡಿದ ಏಕೈಕ ಕಳ್ಳಕೆಲಸ ಮಾಡಿದೆ. ಊರಿನ ಹೆಸರು ಎಂಬಲ್ಲಿ 'ಹಳೆಗಣಿ' ಎಂದು ಬರೆದೆ. ಪಾಟೀಲರ ಸಹಿ ಎಂಬಲ್ಲಿ ಮರುದಿನ ಹೋಗಿ ಖಾನಾವಳಿಯವಳ ಹೆಬ್ಬೆಟ್ಟು ಒತ್ತಿಸಿದೆ. ಬೆರಳಿಗೆ ಹಿಟ್ಟು ಹತ್ತಿದ್ದರಿಂದ ಎರಡು ಸಲ ಒತ್ತಬೇಕಾಯಿತು. ಫಾರ್ಮಿನಲ್ಲಿ ಈಗ ಒಂದೂ ಖಾಲಿ ಜಾಗ ಇರಲಿಲ್ಲ. ದೊಡ್ಡ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಊರು ಎಲ್ಲಿ ಬರ್ತದ?" ಎಂದರು. "ಶಹಾಬಾದದ ಬಾಜೂಕ," ಎಂದೆ. ಅವರಿಗೆ ಗೊತ್ತಾಗಿತ್ತು ಎಂದೇ ನನ್ನ ನಂಬಿಕೆ. ಆದರೂ ಮೊಹರು ಒತ್ತಿದರು.

ಮುಂದೆ ನಡೆದದ್ದೆಲ್ಲ ಬಹಳ ಕ್ರಮಬದ್ಧ. ಹೈದರಾಬಾದಿನಿಂದ ತಂತಿ ಬಂತು: ಹಳೆಗಣಿ ಗ್ರಾಮದ ಬಾವಿಗಳಿಗೆ ಕೂಡಲೇ ಔಷಧ ಹಾಕಬೇಕು, ಜನರಿಗೆ ಸೂಜಿ ಕೊಡಬೇಕು, ಪಾಟೀಲರು ಖುದ್ದು ಹಾಜರಿರಬೇಕು. ಕೆಂಪು ಔಷಧದ ಡಬ್ಬಿಗಳೊಂದಿಗೆ ಒಬ್ಬ ಡಾಕ್ಟರು ಬಂದಿಳಿದರು. ಪಾಟೀಲರು ಎಲ್ಲಿ ಎಂದು ಕೇಳಿದರು. ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ನಾನೇರಿ. ಯಾಕ, ಹೆಣ್ಮಗಳಂದ್ರ ಸೂಜಿ ಒಳಗ ಹೋಗಂಗಿಲ್ಲೇನು?" ಎಂದಳು. ಮೊದಲ ಸೂಜಿ ತಾನೇ ಹಾಕಿಸಿಕೊಂಡಳು. ಆಮೇಲೆ ಬಾಗಿಲುಗಳ ಮುಂದೆ ನಿಂತು, ಸೂಜಿ ಹಾಕಿಸಿಕೊಳ್ಳದವರಿಗೆ ಸಂಜೆ ರೊಟ್ಟಿ ಇಲ್ಲ ಎಂದು ಸಾರಿದಳು. ಮಧ್ಯಾಹ್ನದೊಳಗೆ ಸಾಲು ಕಲ್ಲಿನ ರಾಶಿ ಸುತ್ತಿಬಂತು. ಡಾಕ್ಟರು ರೈಲಿನವರಿಗೆ ಒಂದು ಮಾತು ಹೇಳಿ, ನಳವನ್ನು ದಿನಕ್ಕೆರಡು ತಾಸು ಗುಡಿಸಲಿನವರಿಗೆ ಬಿಡಿಸಿದರು. ಎರಡು ವಾರದಲ್ಲಿ ಖಾನಾವಳಿಯ ಪಂಕ್ತಿ ಕರಗುವುದು ನಿಂತಿತು. ಹೋದವರು ಹೋಗಿದ್ದರು. ಕಡತ ಪೋಣಿಸುವುದರಲ್ಲಿ ನಾವು ಕಳೆದ ದಿನಗಳಲ್ಲೇ ಎಷ್ಟು ಜನ ಹೋದರೆಂಬುದು ನನ್ನ ಪಟ್ಟಿಯಲ್ಲೇ ಇತ್ತು. ನಾನು ಅದನ್ನು ಬೇರೆಯಾಗಿ ಕೂಡಿಸಲಿಲ್ಲ.

ವರ್ಷದ ಕೊನೆಗೆ ಮೇಲಿನಿಂದ ಎರಡು ಕಾಗದ ಬಂದವು. ಇಡೀ ವರ್ಷ ನಿಲ್ ಕಳಿಸಿದ ಬೇರೊಂದು ದಫ್ತರಿಗೆ ಮೆಚ್ಚುಗೆ, ಅದರ ನಕಲು ನಮ್ಮ ತಿಳಿವಳಿಕೆಗೆ. ಎರಡನೆಯದು ನಮಗೇ: 'ನಿಮ್ಮಲ್ಲಿ ಮಾತ್ರ ಹೈಜಾ ಏಕೆ ಬಂತು ಎಂಬುದಕ್ಕೆ ಸಮಜಾಯಿಷಿ ಕೊಡಿ.' ದೊಡ್ಡ ಗುಮಾಸ್ತರು ಎರಡು ದಿನ ಕೂತು ಉತ್ತರ ಬರೆದರು. ಅದರಲ್ಲಿ ನನ್ನ ಹೆಸರು ಬರದಂತೆ ನೋಡಿಕೊಂಡರೆಂದು ನನಗೆ ಆಮೇಲೆ ತಿಳಿಯಿತು. ತಪ್ಪು ಮಳೆಯದು ಎಂದು ಬರೆದಿದ್ದರು.

ಅಷ್ಟಾದರೂ ನನಗೆ ಚಿಂಚೋಳಿಗೆ ವರ್ಗವಾಯಿತು. ದಾಕಿನವನು ನನ್ನ ಟ್ರಂಕನ್ನು ಸೈಕಲ್ ಮೇಲೆ ಹೇರಿ ಮೋಟಾರಿನವರೆಗೆ ತಂದ. ದೊಡ್ಡ ಗುಮಾಸ್ತರೂ ಬಂದಿದ್ದರು. ಕೈಗೆ ಎಲೆಅಡಿಕೆ ಕೊಟ್ಟು, "ಅಲ್ಲಿ ಅಡವಿ ಅದ, ಗಾಳಿ ಚಲೋ ಅದ. ಆರಾಮ ಇರ್ರಿ. ಯಾರಿಗೂ ಏನೂ ಕೇಳಾಕ ಹೋಗಬ್ಯಾಡ್ರಿ," ಎಂದರು.

ಹೂಂ ಎಂದು ತಲೆಯಾಡಿಸಿದೆ. ಚಿಂಚೋಳಿಗೆ ಹೋಗಿ ಎರಡನೆಯ ದಿನವೇ ಕೇಳಿದೆ.