ಇಗೋಬಂದೆಯ ಒಂದು ಸುತ್ತು

ಆ ಬೀದಿಯಲ್ಲಿ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದ ಮಾತೊಂದಿತ್ತು. "ಅವಳು 'ಇಗೋ ಬಂದೆ' ಅಂದ್ಲಾ? ಹಾಗಾದ್ರೆ ನೀನು ಅಡುಗೆಗಿಟ್ಟು, ಉಂಡು, ಪಾತ್ರೆ ತೊಳೆದು, ಒಂದು ನಿದ್ದೆ ತೆಗೆದು ಆಮೇಲೆ ಹೊರಡು. ಆಗಲೂ ನೀನೇ ಮೊದಲು ತಲುಪ್ತೀಯ."

ಅವಳ ಕಸುಬು ಮನೆ ತೋರಿಸುವುದು. ಬಾಡಿಗೆಗೆ ಹುಡುಕುವವರಿಗೆ ಬಾಡಿಗೆ ಮನೆ, ಕೊಳ್ಳುವವರಿಗೆ ಮಾರಾಟದ ಮನೆ. ಲೆಕ್ಕಪ್ರಕಾರ ಜನ ಅವಳನ್ನು ಬ್ರೋಕರಮ್ಮ ಎನ್ನಬೇಕಿತ್ತು. ಆದರೆ ಫೋನ್ ಎತ್ತಿದ ಕೂಡಲೇ, ತಲೆಗೆ ನೀರು ಹಾಕಿಕೊಳ್ಳುತ್ತಲೇ ಇರಲಿ, ಊರಾಚೆಯೇ ಇರಲಿ, "ಇಗೋ ಬಂದೆ" ಎನ್ನುತ್ತಿದ್ದಳಲ್ಲ, ಅದೇ ಅವಳ ಹೆಸರಾಗಿ ಕೂತಿತು. ಹಿಂದೆ ಆಡಿಕೊಳ್ಳುವಾಗ ಇಗೋಬಂದೆ, ಎದುರಿಗೆ ಇಗೋಬಂದೆ ಅಕ್ಕ.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಮಾತು ಕಡಿಮೆ, ನಿಮಿಷ ತಪ್ಪದವನು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂಥ ಜೋಡಿ. ಎದುರು ಮನೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಬಟ್ಟೆ ಉಜ್ಜುತ್ತಿದ್ದ ಇಸ್ತ್ರಿಯವನಿಗೆ ಬೀದಿಯ ಸುದ್ದಿಯೆಲ್ಲ ಗೊತ್ತು. ಅವನು ಗಿರಾಕಿಗಳಿಗೆ ಹೇಳುತ್ತಿದ್ದ: "ಆ ಮನೇಲಿರೋದು ಒಂದೇ ಗಡಿಯಾರ. ಅದೂ ಬೆಳಗ್ಗೆ ಐದಕ್ಕೆ ಡ್ಯೂಟಿಗೆ ಹೋಗ್ಬಿಡುತ್ತೆ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ತೋರಿಸಿ ನೋಡು ಎಂದು ಯಾರೂ ಹೇಳಿಲ್ಲ, ಹೇಳಬೇಕಿತ್ತು ಎಂದು ಅವಳು ಗೊಣಗುತ್ತಿದ್ದಳು. ಹನ್ನೆರಡು ಮನೆಗಳ ಕೀಲಿಕೈ ಒಂದೇ ಚೀಲದಲ್ಲಿ, ಬಾಚಣಿಗೆ, ಚಿಲ್ಲರೆ, ಅರ್ಧ ತಿಂದ ಬಿಸ್ಕತ್ತಿನ ಜೊತೆ. ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಕೀಲಿ ತುರುಕಿ ನೋಡುವಳು. ಒಮ್ಮೆ ಹಾಗೆ ನೋಡುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಕಳ್ಳರೆಂದು ತಿಳಿದು ಪೊರಕೆ ಹಿಡಿದು ಬಂದಳು. ಬಂದವಳಿಗೆ ಇವಳು ಅದೇ ಬಾಗಿಲಲ್ಲಿ ನಿಂತು ಬೇರೊಂದು ಮನೆ ಕೊಡಿಸುವ ಮಾತಾಡಿದಳೆಂಬುದು ಬೇರೆ ಮಾತು. ಬಾಯಿಗೇನೂ ಬರವಿರಲಿಲ್ಲ.

ಕೆಟ್ಟ ಹೆಂಗಸಲ್ಲ ಅವಳು. ಸುಳ್ಳು ಹೇಳಿ ಮನೆ ದಾಟಿಸುವವಳೂ ಅಲ್ಲ. ನೋಡಿರುತ್ತಿರಲಿಲ್ಲ, ಅಷ್ಟೇ.

ಒಂದು ಭಾನುವಾರ ಮೂರು ತಿಂಗಳ ಕೂಸಿನ ತಾಯಿಯೊಬ್ಬಳಿಗೆ ಮನೆ ತೋರಿಸಿದಳು. ಬೆಳಕಿನ ಮನೆ, ತಣ್ಣನೆಯ ನೆಲ, ಸೂಜಿ ಬಿದ್ದರೂ ಕೇಳುವಷ್ಟು ಸದ್ದಿಲ್ಲದ ಜಾಗ. ತಾಯಿ ಅವತ್ತೇ ಒಪ್ಪಿದಳು. ಮುಂದಿನ ಭಾನುವಾರ ಸಾಮಾನು ಬಂತು. ಮರುದಿನ, ಸೋಮವಾರ ಬೆಳಗ್ಗೆ ಎಂಟಕ್ಕೆ, ಹಿಂದಿನ ಗೋಡೆಯಾಚೆಯ ಶೆಡ್ಡಿನ ಬಾಗಿಲು ತೆರೆಯಿತು. ಅಲ್ಲಿ ತಗಡಿನ ಡಬ್ಬ ಮಾಡುತ್ತಿದ್ದರು. ನಾಲ್ಕು ಸುತ್ತಿಗೆ, ಸಂಜೆ ಆರರವರೆಗೆ, ಭಾನುವಾರ ಮಾತ್ರ ರಜೆ.

ತಾಯಿ ಫೋನ್ ಮಾಡಿದಳು. ಇವಳು "ಇಗೋ ಬಂದೆ" ಎಂದಳು. ಹೋದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಸಾಮಾನು ಮತ್ತೆ ಗಂಟು ಕಟ್ಟಿಸಿಕೊಂಡು ಬಾಗಿಲಲ್ಲಿ ಕೂತಿತ್ತು. ಕೂಸು ತಾಯಿಯ ಹೆಗಲ ಮೇಲೆ ಅತ್ತು ಅತ್ತು ಬಿಕ್ಕುತ್ತಿತ್ತು. ತಾಯಿಯ ಕಣ್ಣೂ ಕೆಂಪಾಗಿತ್ತು.

"ನೀವು ಸುಳ್ಳು ಹೇಳ್ಲಿಲ್ಲ ಅಕ್ಕ," ಎಂದಳು ಆ ತಾಯಿ, ದನಿ ಏರಿಸದೆ. "ಆದ್ರೆ ನಿಜಾನೂ ಹೇಳ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ ಕಣಮ್ಮ."

"ಗೊತ್ತು ಮಾಡ್ಕೊಳ್ಳೋದೇ ಅಲ್ವಾ ನಿಮ್ಮ ಕೆಲಸ?"

ಜಗಳ ಆಡಿದ್ದರೆ ಇಗೋಬಂದೆ ಗೆದ್ದುಬಿಡುತ್ತಿದ್ದಳು. ಆ ತಾಯಿ ಜಗಳಕ್ಕೇ ಬರಲಿಲ್ಲ. ಚೀಲ ಹೆಗಲಿಗೇರಿಸಿ ಮನೆಗೆ ಬಂದಳು.

ಅದಾಗಿ ಎರಡು ದಿನಕ್ಕೆ ಗಂಡ ಊಟದ ಡಬ್ಬ ಮರೆತು ಹೋದ. ಅವನು ಏನನ್ನಾದರೂ ಮರೆತದ್ದು ಅದೇ ಮೊದಲು, ಅದೇ ಕೊನೆ. ಡಬ್ಬ ಹಿಡಿದು ಅವನ ಹಿಂದೆಯೇ ಡಿಪೋಗೆ ಹೋದಳು. ಗಂಡ ತನ್ನ ಬಸ್ಸನ್ನು ಒಂದು ಸುತ್ತು ಹಾಕುತ್ತಿದ್ದ. ಟೈರಿಗೆ ಕಾಲಿನಿಂದ ಒದ್ದ. ಬಗ್ಗಿ ಕೆಳಗೆ ನೋಡಿದ. ದೀಪ ಹಾಕಿ ಇಳಿದು ಬಂದು ನೋಡಿದ, ಮತ್ತೆ ಹತ್ತಿ ಬ್ರೇಕ್ ತುಳಿದ. ಮದುವೆಯಾಗಿ ಹದಿಮೂರು ವರ್ಷವಾದರೂ ಅವಳು ಇದನ್ನು ಕಂಡಿರಲಿಲ್ಲ.

"ದಿನಾ ಹೀಗೇ ಸುತ್ತುತ್ತೀರಾ?"

"ದಿನಾ."

"ನಿನ್ನೆ ನೀವೇ ತಂದು ನಿಲ್ಲಿಸಿದ ಬಸ್ಸಲ್ವೇನ್ರೀ?"

"ನಿಲ್ಲಿಸಿದ್ದು ನಾನೇ. ಆಮೇಲೆ ಅದು ಏನು ಮಾಡ್ಕೊಂಡಿದೆಯೋ ನಂಗೇನು ಗೊತ್ತು?" ಎಂದ ಗಂಡ ಡಬ್ಬ ತೆಗೆದುಕೊಳ್ಳುತ್ತ. "ಜನ ಟೈರ್ ನೋಡಿ ಹತ್ತಲ್ಲ ಕಣೇ. ನನ್ನ ಮುಖ ನೋಡಿ ಹತ್ತುತ್ತಾರೆ. ಟೈರ್ ನಾನು ನೋಡ್ಬೇಕು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅವಳಿಗೆ ಅವತ್ತು ಮದ್ದಾಯಿತು.

ಅಂದಿನಿಂದ ಯಾವ ಮನೆಯನ್ನೇ ಆಗಲಿ, ತೋರಿಸುವ ಮೊದಲು ಒಬ್ಬಳೇ ಹೋಗಿ ಒಂದು ಸುತ್ತು ಹಾಕತೊಡಗಿದಳು. ಅದೂ ಜನ ಮನೆಯಲ್ಲಿರುವ ಹೊತ್ತಿಗೆ, ಕೆಲಸದ ದಿನವೇ. ನಲ್ಲಿಗಳನ್ನೆಲ್ಲ ತಿರುಗಿಸುವಳು. ಕಿಟಕಿ ತೆರೆದು ಮುಚ್ಚಿ, ಗೋಡೆಗೆ ಕಿವಿ ಕೊಟ್ಟು, ಮೋರಿಯ ಹತ್ತಿರ ಮೂಗು ಹಿಡಿಯದೆ ನಿಂತು ನೋಡುವಳು. ಕಡೆಗೆ ನಡುಮನೆಯಲ್ಲಿ ನೆಲದ ಮೇಲೆ ಬಾಯಿ ಮುಚ್ಚಿ ಕೂರುವಳು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಮೊದಲ ವಾರ ಬಾಯಿ ತಡೆಯದೆ ಗೋಡೆಯ ಹಲ್ಲಿಯನ್ನೇ ಮಾತಾಡಿಸಿಬಿಟ್ಟಿದ್ದಳು.

ಒಂದು ನೋಟ್ ಬುಕ್ ಬಂತು. ಪ್ರತಿ ಮನೆಗೂ ಎರಡು ಪುಟ: ಎಡಕ್ಕೆ ಕೊರತೆ, ಬಲಕ್ಕೆ ಸುಖ. ಗಿರಾಕಿಗೆ ಎಡದ್ದು ಮೊದಲು ಓದುವಳು. ಒಂಬತ್ತು ವರ್ಷದ ಮಗಳು ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಪ್ರತಿ ಕೀಲಿಗೂ ಚೀಟಿ ಕಟ್ಟಿದಳು. ಹೊತ್ತಿನ ಪಾಠ ಗಂಡನದು: "ಬಸ್ಸು ಹತ್ತಕ್ಕೆ ಅಂದ್ರೆ, ನೀನು ಒಂಬತ್ತೂಮುಕ್ಕಾಲಿಗೆ ಸ್ಟಾಪಲ್ಲಿರ್ಬೇಕು." ಇದು ಒಂದೇ ದಿನಕ್ಕೆ ಬಂದ ಬುದ್ಧಿಯಲ್ಲ. ಎಷ್ಟೋ ಸಲ ಹಳೇ ಚಾಳಿಗೆ ಬಿದ್ದಳು, ನೋಟ್ ಬುಕ್ಕನ್ನೇ ಒಂದು ಮನೆಯಲ್ಲಿ ಬಿಟ್ಟು ಬಂದಳು. ಆದರೂ ಬಿಡಲಿಲ್ಲ. ಹೇಳಲು ಸುದ್ದಿಯೇ ಇಲ್ಲದ ದಿನವೂ ಫೋನ್ ಮಾಡಿ "ಇವತ್ತು ಏನೂ ಸುದ್ದಿ ಇಲ್ಲ" ಎಂದು ಹೇಳುವುದನ್ನೂ ಕಲಿತಳು. ಕಾಯುವವರಿಗೆ ಅದೂ ಸುದ್ದಿಯೇ ಎಂದು ಅವಳಿಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಏಳು ವರ್ಷ ಕಳೆಯುವಷ್ಟರಲ್ಲಿ ಜನರ ಮಾತೂ ತಿರುಗಿತ್ತು. "ಅವಳು ಹೇಳಿದ ಕೊರತೆ ಬಿಟ್ರೆ ಆ ಮನೇಲಿ ಬೇರೆ ಕೊರತೆ ಇರಲ್ಲ ಬಿಡಿ" ಎನ್ನುತ್ತಿದ್ದರು. ಹೆಸರು ಮಾತ್ರ ಇಗೋಬಂದೆಯೇ.

ಅವರಿದ್ದದ್ದು ಬಾಡಿಗೆ ಮನೆ. ನೀಲಿ ಬಾಗಿಲು, ಮೆಟ್ಟಿಲ ಕೆಳಗೆ ಅವಳ ಪುಟ್ಟ ಮೇಜು. ಮನೆ ಬೇಕಾದವರೆಲ್ಲ ನೀಲಿ ಬಾಗಿಲು ಕೇಳಿಕೊಂಡೇ ಬರುತ್ತಿದ್ದರು. ಮನೆಯೊಡತಿ ಹಿಂದಿನ ಎರಡು ಕೋಣೆಯಲ್ಲಿದ್ದ ನರ್ಸಮ್ಮ. ಹತ್ತೊಂಬತ್ತು ವರ್ಷದಿಂದ ಒಂದೇ ಅಂಗಳ. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಅವಳದು.

ಆಸ್ಪತ್ರೆಯಿಂದ ನಿವೃತ್ತಿಯಾದ ವಾರ ನರ್ಸಮ್ಮ ಮೇಜಿನೆದುರು ಬಂದು ಕೂತಳು.

"ಮನೆ ಮಾರ್ತೀನಿ ಕಣೇ. ತಂಗಿ ಕರೀತಿದಾಳೆ. ಜಗಳ ಆಡೋಕೆ ಇಬ್ಬರಿಗೂ ಇನ್ನೂ ಶಕ್ತಿ ಇದೆ, ಈಗ್ಲೇ ಹೋಗ್ಬೇಕು. ನೀನೇ ಮಾರಿಕೊಡು. ಬೇರೆಯವರ ಕೈಗೆ ನಾನು ಕೀಲಿ ಕೊಡಲ್ಲ."

ಇಗೋಬಂದೆ ಬಾಯಲ್ಲಿ "ಆಗ್ಲಿ ನರ್ಸಮ್ಮ" ಎಂದಳು. ಮನಸ್ಸು ಬೇರೆಯೇ ಲೆಕ್ಕ ಹಾಕುತ್ತಿತ್ತು. ಕೊಳ್ಳುವವರು ತಾವೇ ವಾಸಕ್ಕಿರಲೆಂದು ಕೊಳ್ಳುತ್ತಾರೆ. ಮನೆ ಮಾರಿದರೆ ತಾವು ಖಾಲಿ ಮಾಡಬೇಕು. ನೀಲಿ ಬಾಗಿಲೂ ಹೋಯಿತು, ಮೇಜೂ ಹೋಯಿತು. ತಾವೇ ಕೊಳ್ಳೋಣವೆಂದರೆ ಅದು ಕೈಗೆಟುಕುವ ಮಾತಲ್ಲ.

ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ತುಂಬುತ್ತ ಉಪಾಯ ಹೇಳಿಕೊಟ್ಟ. "ಕೊರತೆ ಹೇಳೋದಕ್ಕೇ ಹೆಸರಾದೋರು ನೀವು. ಅದನ್ನೇ ಹೇಳಿ, ಅಲ್ಲಿಗೇ ನಿಲ್ಲಿಸಿ. ಸುಳ್ಳು ಹೇಳಿದ ಪಾಪಾನೂ ಇಲ್ಲ, ಮನೆ ಬಿಡೋ ತಾಪತ್ರಯಾನೂ ಇಲ್ಲ."

"ಥೂ, ಸುಮ್ನಿರು," ಎಂದಳು ಅವಳು. ಆದರೆ ಮಾತು ಕಿವಿಯಲ್ಲಿ ಕೂತಿತು.

ಮೊದಲು ನೋಡಲು ಬಂದವರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನು ಮತ್ತು ಅವನ ಹೆಂಡತಿ. ಮಧ್ಯಾಹ್ನ ಮೂರು ಗಂಟೆ. ಅವಳು ನೋಟ್ ಬುಕ್ ಬಿಚ್ಚಿ ಎಡದ ಪುಟ ಓದಿದಳು: ಬಚ್ಚಲ ಗೋಡೆ ಒದ್ದೆ. ಮೆಟ್ಟಿಲು ಕಿರಿದು, ಮಂಚ ಹತ್ತುವುದಿಲ್ಲ. ಬೇಸಿಗೆಯಲ್ಲಿ ಮೋರಿ ನಾರುತ್ತದೆ. ಪಕ್ಕದ ಮನೆಯ ನಾಯಿ ಐದು ಗಂಟೆಗೇ ಬೊಗಳುತ್ತದೆ. ಓದಿ ಪುಸ್ತಕ ಮುಚ್ಚಿದಳು.

ಕಟ್ಟಿನವನ ಹೆಂಡತಿ ಅಡುಗೆಮನೆಯ ಕಿಟಕಿಯ ಹತ್ತಿರ ಇನ್ನೂ ನಿಂತಿದ್ದಳು. "ಬೆಳಗ್ಗೆ ಇಲ್ಲಿ ಬಿಸಿಲು ಬರುತ್ತಾ?"

"ಬರುತ್ತೆ... ಒಂಚೂರು."

ಒಂಚೂರಲ್ಲ. ಆರರಿಂದ ಒಂಬತ್ತರವರೆಗೆ ಆ ಅಡುಗೆಮನೆಯಲ್ಲಿ ಬೆಳಕು ಮೊಣಕಾಲುದ್ದ ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷ ಅವಳು ಆ ಬಿಸಿಲಿನಲ್ಲೇ ಒಲೆ ಹಚ್ಚಿದ್ದಳು.

ಅವರು "ನೋಡೋಣ" ಎಂದು ಹೋದರು. ಎದುರುಗಡೆಯಿಂದ ಇಸ್ತ್ರಿಯವನು "ಭೇಷ್!" ಎಂದ. ಸಂಜೆ ನರ್ಸಮ್ಮ ಕೇಳಿದಳು, "ಏನಂದ್ರು ಅವರು?"

"ಯೋಚನೆ ಮಾಡ್ತಾರಂತೆ. ನಾನೇನು ಮಾಡ್ಲಿ, ನಾನು ಎಲ್ಲಾ ಹೇಳ್ದೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಯಾರೂ ಏನೂ ಅಂದಿರಲಿಲ್ಲ.

"ಹೋಗ್ಲಿ ಬಿಡು. ನೀನಿದೀಯಲ್ಲ, ನಂಗೇನು ಚಿಂತೆ," ಎಂದು ನರ್ಸಮ್ಮ ಒಳಗೆ ಹೋದಳು.

ಮರುದಿನ ಬೆಳಗ್ಗೆ ಎಂದಿನಂತೆ ಗಿರಾಕಿಗಳಿಗೆ ಫೋನ್ ಮಾಡಲು ನೋಟ್ ಬುಕ್ ತೆರೆದಳು. ಏಳು ವರ್ಷದ ಪುಟಗಳಲ್ಲಿ ಬಲಗಡೆ ಖಾಲಿ ಬಿಟ್ಟದ್ದು ಒಂದೇ ಮನೆಗೆ. ತನ್ನದೇ ಮನೆಗೆ. ಆ ಕೂಸಿನ ತಾಯಿ ಕೆಂಪು ಕಣ್ಣಿನಿಂದ ಮತ್ತೆ ಬಾಗಿಲಲ್ಲಿ ನಿಂತಂತಾಯಿತು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಆಗ ಗೊತ್ತಿರಲಿಲ್ಲ ಎನ್ನಬಹುದಿತ್ತು. ಈಗ ಅದೂ ಇಲ್ಲ.

ಅವತ್ತು ಗಂಡನಿಗೆ ರಜೆ. ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಳು. ಅವನು ಶೂ ಒರೆಸುತ್ತ ಎಲ್ಲ ಕೇಳಿಸಿಕೊಂಡ. "ಓಡೋ ಬಸ್ಸನ್ನ ಕೆಟ್ಟಿದೆ ಅಂತ ಶೆಡ್ಡಿಗೆ ಹಾಕಿಸಿದೀಯ," ಎಂದ. "ಸ್ಟಾಪಲ್ಲಿ ನರ್ಸಮ್ಮ ಕಾಯ್ತಿದಾಳೆ."

"ಮತ್ತೆ ನಮಗೆ ಮನೆ?"

"ಅದು ಬೇರೆ ರೂಟು. ಮೊದಲು ಇದನ್ನ ಮುಗಿಸು."

ಆಗ ಅವಳಿಗೆ ಹೊಳೆಯಿತು, ಈ ಮನೆಗೆ ತಾನು ಒಮ್ಮೆಯೂ ಸುತ್ತು ಹಾಕಿಲ್ಲ. ವಾಸವಿದ್ದೇನಲ್ಲ ಎಂಬ ಧೈರ್ಯ. ಎಡದ ಪುಟವೂ ಕೂತಲ್ಲೇ ಬರೆದದ್ದು. ನಲ್ಲಿಯಿಂದ ಶುರು ಮಾಡಿದಳು. ಬಚ್ಚಲ ಗೋಡೆಗೆ ಕಿವಿಯಿಟ್ಟಾಗ ಒಳಗೆ ತೊಟ್ಟು ತೊಟ್ಟು ಸದ್ದು. ಗೋಡೆಯ ರೋಗವಲ್ಲ, ಪೈಪಿನ ಒಂದು ಜಾಯಿಂಟು. ಮೋರಿಯ ಮುಚ್ಚಳ ಒಡೆದಿತ್ತು, ಅಷ್ಟೇ. ನಡುಮನೆಯಲ್ಲಿ ಬಾಯಿ ಮುಚ್ಚಿ ಕೂತಳು. ಎದುರು ಕಿಟಕಿಯಿಂದ ಹಿಂದಿನ ಕಿಟಕಿಗೆ ಗಾಳಿ ಹಾದು ಹೋಗುತ್ತಿತ್ತು. ಬಲದ ಪುಟ ತುಂಬಿ, ಅಂಚಿಗೂ ಬರೆದಳು.

ಪುಸ್ತಕ ಹಿಡಿದು ಮೊದಲು ಹೋದದ್ದು ಹಿಂದಿನ ಕೋಣೆಗೆ. "ನರ್ಸಮ್ಮ, ನಿನ್ನೆ ನಾನು ಬೇಕು ಅಂತ್ಲೇ ಅರ್ಧ ಹೇಳ್ದೆ. ಮನೆ ಬಿಡೋಕೆ ಮನಸ್ಸಿರ್ಲಿಲ್ಲ. ಬೈದುಬಿಡಿ."

ನರ್ಸಮ್ಮ ಮಡಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟಳು. "ಅದಕ್ಕೇ ನಿನ್ನೆ ಉಪ್ಪಿಲ್ಲದ ಮುಖ ಹೊತ್ಕೊಂಡು ಓಡಾಡ್ತಿದ್ದೆ," ಎಂದಳು. "ಸೂಜಿ ಚುಚ್ಚೋಕೆ ಮುಂಚೇನೇ ಅಳೋರಿಗೆ ನಾನು ಬಯ್ಯಲ್ಲ ಕಣೇ. ಹೋಗು, ಮಿಕ್ಕ ಅರ್ಧ ಹೇಳಿ ಬಾ. ಪ್ಲಂಬರ್‌ನ ನಾನು ಕರೆಸ್ತೀನಿ."

ಅಂಗಡಿಯಲ್ಲಿ ಕಟ್ಟಿನವನು ಗಾಜು ಕೊಯ್ಯುತ್ತಿದ್ದ. ಇಗೋಬಂದೆ ನಿಂತೇ ಹೇಳಿದಳು, "ನಿನ್ನೆ ನಿಮಗೆ ಅರ್ಧ ಮನೆ ತೋರಿಸ್ದೆ."

"ಇನ್ನೂ ರೂಮಿದೆಯಾ?"

"ರೂಮಲ್ಲ. ಅಲ್ಲಿರೋದು ನಾವೇ. ಬಿಡೋಕೆ ಸಂಕಟ ಆಗಿ, ಒಳ್ಳೇದನ್ನೆಲ್ಲ ಮುಚ್ಚಿಟ್ಟೆ. ನಾಳೆ ಬೆಳಗ್ಗೆ ಏಳಕ್ಕೆ ಒಂದ್ಸಲ ಬನ್ನಿ. ಆಮೇಲೆ ಬೇಡ ಅಂದ್ರೂ ಬೇಜಾರಿಲ್ಲ."

ಕಟ್ಟಿನವನು ಹುಬ್ಬೇರಿಸಿದ. ಅವನ ಹೆಂಡತಿ ನಕ್ಕುಬಿಟ್ಟಳು. "ತಪ್ಪು ಮಾಡಿ ಬಂದು ಹೇಳೋ ಬ್ರೋಕರನ್ನ ನಾನು ನೋಡೇ ಇರ್ಲಿಲ್ಲ. ರೀ, ಇವರಿಗೋಸ್ಕರ ಆದ್ರೂ ಹೋಗೋಣ."

ಏಳಕ್ಕೆ ಬಂದರು. ಆರೂಮುಕ್ಕಾಲಿಗೇ ಅವಳು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಬಿಸಿಲಿಗೆ ಜಾಗ ಮಾಡಿಟ್ಟಿದ್ದಳು. ಎಡ ಓದಿದಳು, ಬಲ ಓದಿದಳು. ಕಟ್ಟಿನವನ ಹೆಂಡತಿಗೆ ಯಾವುದೂ ಕೇಳಿಸಿದಂತೆ ಕಾಣಲಿಲ್ಲ. ಕಿಟಕಿಯ ಕೆಳಗೆ ಅಂಗೈ ಚಾಚಿ, ಬಿಸಿಲನ್ನು ತೂಕ ಮಾಡುವವಳಂತೆ ನಿಂತಿದ್ದಳು.

ವಾರದೊಳಗೆ ಮಾತು ಮುಗಿಯಿತು. ಆ ದಿನವೇ ಕಟ್ಟಿನವನು ತಲೆ ಕೆರೆದುಕೊಳ್ಳುತ್ತ ಕೇಳಿದ, "ಅಕ್ಕ, ಅಂಗಡಿ ಮೇಲೆ ನಾವು ಬಾಡಿಗೆಗಿರೋ ಮನೆ ಖಾಲಿ ಆಗುತ್ತೆ. ಓನರ್ ಯಾರನ್ನಾದ್ರೂ ನೋಡಿ ಅಂತಿದಾರೆ. ನಿಮ್ಮ ಕಡೆ ಯಾರಾದ್ರೂ ಇದಾರಾ?"

ಇಗೋಬಂದೆ ಅಲ್ಲಿಗೂ ಮೂರು ಸಲ, ಮೂರು ಹೊತ್ತಿನಲ್ಲಿ ಸುತ್ತು ಹಾಕಿದಳು. ಗಂಡ, ಮಗಳನ್ನು ಎದುರು ಕೂರಿಸಿಕೊಂಡು ಗಿರಾಕಿಗಳಿಗೆ ಓದುವ ಹಾಗೇ ಓದಿದಳು. "ಎಡಕ್ಕೆ: ನೀರು ಬೆಳಗ್ಗೆ ಎಂಟರವರೆಗೆ ಮಾತ್ರ. ಕೆಳಗೆ ಮೊಳೆ ಹೊಡೆಯೋ ಸದ್ದು. ಮಗಳ ಕೋಣೆ ಚಿಕ್ಕದು. ಬಲಕ್ಕೆ: ಮೆಟ್ಟಿಲ ಹತ್ತಿರ ಮೇಜಿಗೆ ಜಾಗ ಇದೆ, ಬೀದಿಗೆ ಕಾಣುತ್ತೆ. ಎದುರಿಗೇ ಬಸ್ ಸ್ಟಾಪ್."

"ಬಸ್ ಸ್ಟಾಪ್ ಎದುರಿಗೇನಾ?" ಎಂದ ಗಂಡ. "ಎಡಗಡೆ ಹಾಳೆ ಹರಿದು ಹಾಕು."

"ಬಾಗಿಲಿಗೆ ನೀಲಿ ಬಣ್ಣ ನಾನೇ ಬಳೀತೀನಿ," ಎಂದಳು ಮಗಳು.

ಹೊರಡುವ ದಿನ ಕಟ್ಟಿನವರು ಹತ್ತಕ್ಕೆ ಕೀಲಿಗೆ ಬರುವವರಿದ್ದರು. ನರ್ಸಮ್ಮ ಹಿಂದಿನ ದಿನವೇ ತಂಗಿಯ ಜೊತೆ ಜಗಳಕ್ಕೆ ಹೊರಟುಹೋಗಿದ್ದಳು. ಒಂಬತ್ತೂವರೆಗೆ ಸಾಮಾನಿನ ಗಾಡಿಯಲ್ಲಿ ಕೊನೆಯದಾಗಿ ಪುಟ್ಟ ಮೇಜು ಏರಿತು.

"ಇನ್ಮೇಲೆ ನಾನು ಯಾರನ್ನ ಆಡ್ಕೊಳ್ಳಲಿ ಅಕ್ಕ?" ಎಂದ ಇಸ್ತ್ರಿಯವನು.

"ಅಂಗಡಿ ಮೇಲೇನೇ ಇರ್ತೀನಿ. ಬಟ್ಟೆ ತಗೊಂಡು ಹೋಗೋಕೆ ಬಾ, ಆಡ್ಕೊಂಡು ಹೋಗು."

ಅವಳು ಒಳಗೆ ಹೋಗಿ ಕೊನೆಯ ಸುತ್ತು ಹಾಕಿದಳು. ನಲ್ಲಿಗಳು ಬಿಗಿಯಾಗಿದ್ದವು. ಬಚ್ಚಲ ಗೋಡೆ ಅಂಗೈಗೆ ಒಣಗಿದೆ ಎನಿಸಿತು. ಅಡುಗೆಮನೆಯ ಬಿಸಿಲು ಆಗಲೇ ಕಿಟಕಿಯ ಅಂಚಿಗೆ ಸರಿದಿತ್ತು. ನಡುಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚಿ ಕೂತಳು. ಪಕ್ಕದ ನಾಯಿ ಹೊತ್ತಲ್ಲದ ಹೊತ್ತಿನಲ್ಲಿ ಎರಡು ಸಲ ಬೊಗಳಿತು.

ಈ ಮನೆಯ ಕೀಲಿಗೆ ಹತ್ತೊಂಬತ್ತು ವರ್ಷ ಚೀಟಿಯೇ ಇರಲಿಲ್ಲ. ಈಗ ಮಗಳು ಕಟ್ಟಿದ್ದಳು. ರಟ್ಟಿನ ಮೇಲೆ ದುಂಡನೆಯ ಅಕ್ಷರ: "ಎದುರು ಬಾಗಿಲು. ಸ್ವಲ್ಪ ಮೇಲೆತ್ತಿ ತಿರುಗಿಸಿ."

"ಆಯ್ತೇನೇ?" ಎಂದು ಗಂಡ ಗಾಡಿಯ ಹತ್ತಿರದಿಂದ ಕೂಗಿದ.

"ಇಗೋ ಬಂದೆ!"

ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಇನ್ನು ಹೊತ್ತಾಗುತ್ತದೆಂದು ಸ್ಟೂಲ್ ಎಳೆದುಕೊಂಡ. ಅವನು ಕೂರುವಷ್ಟರಲ್ಲಿ ಅವಳು ಹೊಸ್ತಿಲು ದಾಟಿ ಬಂದು, ನೀಲಿ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಕೀಲಿ ತಿರುಗಿಸಿ, ಮೆಟ್ಟಿಲ ಮೇಲೆ ನಿಂತಿದ್ದಳು. ಒಂಬತ್ತೂಮುಕ್ಕಾಲು. ಬೀದಿಯ ತಿರುವಿನಲ್ಲಿ ಕಟ್ಟಿನವನೂ ಅವನ ಹೆಂಡತಿಯೂ ಆಗತಾನೇ ಕಾಣಿಸಿಕೊಂಡರು.