ಕಾವೇರಿ ಕಾಣುವ ಮನೆ

ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ದುಡಿಯುವ ಯಶೋಧಾ, ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಎರಡು ಊರುಗಳಲ್ಲಿ ಮನೆ ನೋಡಿದಳು. ನಂಜನಗೂಡಿನದು ಗಾಳಿ ಬೆಳಕಿನ ಹೊಸ ಮನೆ. ಶ್ರೀರಂಗಪಟ್ಟಣದ್ದು ಹಳೆಯದು, ಹಿತ್ತಲಿನಿಂದ ಕಾವೇರಿ ಕಾಣುತ್ತಿತ್ತು. ಆರು ವರ್ಷದ ಹಿಂದೆ ಅಲ್ಲೇ ಅವಳ ತಂಗಿ ಭಾನುಪ್ರಿಯಾ ಸ್ನಾನಕ್ಕಿಳಿದು ಕೊಚ್ಚಿಹೋಗಿದ್ದಳು. ದೇಹ ಸಿಕ್ಕಿರಲಿಲ್ಲ.

"ಆ ನೀರ್ನ ದಿನಾ ನೋಡ್ಕೊಂಡು ಎಂಗಿರ್ತೀಯ? ನಂಜನಗೂಡೇ ಸರಿ ಕಣಮ್ಮ," ಎಂದರು ಸೋದರತ್ತೆ ಸೋಮಮ್ಮ.

ಯಶೋಧಾ ಒಪ್ಪಿ ನಂಜನಗೂಡಿಗೆ ಹೋದಳು. ಅಲ್ಲಿನ ಹೊಳೆ ಕಪಿಲೆಯ ಕಡೆ ಸುಳಿಯಲೂ ಇಲ್ಲ. ಆದರೂ ಅಡುಗೆಮನೆಯ ನಲ್ಲಿ ತಿರುಗಿಸಿದಾಗಲೆಲ್ಲ ನೀರಿನ ಸದ್ದಿನೊಳಗಿಂದ "ಅಕ್ಕಾ" ಎಂಬ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ತಿಂಗಳು ತುಂಬುವ ಮೊದಲೇ ಅವಳು ಸಾಮಾನು ಕಟ್ಟಿ ಶ್ರೀರಂಗಪಟ್ಟಣಕ್ಕೆ ಬಂದುಬಿಟ್ಟಳು.

ನೋಡಲು ಬಂದ ಸೋಮಮ್ಮನಿಗೆ ಹೇಳಿದಳು: "ಎಲ್ಲೋದ್ರೂ ಕರೀತಾಳೆ ಅತ್ತೆ. ಅಷ್ಟು ದೂರದಿಂದ ಕೂಗಿ ಕೂಗಿ ಅವಳಿಗೂ ಸಾಕಾಗಿರುತ್ತೆ."