ಕೆರೆದು ಹಾಕಿದ ನಂಬರು

"ರಸ್ತೆ ಬಾಜೂಕ ಗುಡಿಸಲ ಹಾಕಿದ್ರ ಸಾಕು, ಸರಕಾರ ಪುಕ್ಕಟೆ ಫ್ಲ್ಯಾಟ್ ಕೊಡ್ತದ." ಪುಣೆಯ ಖರಾಡಿಯ ಆಫೀಸಿನಾಗ ಊಟದ ಹೊತ್ತಿಗೆ ಕಂಪ್ಯೂಟರ್ ತೆರೆದ್ರ, ಪುಣೆಯವರ ಇಂಟರ್‌ನೆಟ್ ಗುಂಪಿನಾಗ ಯಾವನೋ ಹಿಂಗ ಬರೆದಿದ್ದ. ಕೆಳಗ ಸಾಲಾಗಿ ನಗೋ ಮಾರಿ ಚಿತ್ರಗಳು. ನನ್ನ ಪಿತ್ತ ನೆತ್ತಿಗೇರಿತು. ಪುಕ್ಕಟೆ ಅಂತ! ನಾ ಕುಂತಿದ್ದ ಆ ಕಟ್ಟಡಕ್ಕೇ ನಮ್ಮವ್ವ ತಲಿ ಮ್ಯಾಲೆ ಇಟ್ಟಂಗಿ ಹೊತ್ತಾಳ. ಅಲ್ಲಿ ನಾಕು ಸಾಲು ಉತ್ತರ ಬರೆದೆ, ಯಾರೂ ಓದಲಿಲ್ಲ. ಪೂರಾ ಇಲ್ಲಿ ಹೇಳ್ತೀನಿ, ಕೇಳ್ರಿ.

ನಮ್ಮದು ಯಾದಗಿರಿ ಕಡೆ. ತೊಂಬತ್ತರ ದಶಕದಾಗ ಅಪ್ಪ-ಅವ್ವ ಮನಿ ಕಟ್ಟೋ ಗೌಂಡಿ ಕೆಲಸಕ್ಕ ಪುಣೆಗೆ ಬಂದು, ದೊಡ್ಡ ರಸ್ತೆ ಬಾಜೂಕ ತಗಡಿನ ಮನಿ ಹಾಕಿದ್ರು. ಅಪ್ಪ ತೀರಿಕೊಂಡ ಮ್ಯಾಲೆ ಉಳಿದವರು ನಾವಿಬ್ಬರೇ. ಮುಂದಿನ ಗ್ವಾಡಿ ಮಾತ್ರ ಇಟ್ಟಂಗಿದು, ಅವ್ವ ತಾನೇ ಕಟ್ಟಿದ್ದು. ಅದರ ಮ್ಯಾಲೆ ಆಕಿಗೆ ಭಾಳ ಜಂಬ.

ಎರಡು ಸಾವಿರದ ಈಚೆಗೆ, ಬಸ್ಸಿಗೆ ಬ್ಯಾರೆ ದಾರಿ ಮಾಡ್ತೀವಿ, ರಸ್ತೆ ಅಗಲ ಆಗ್ತದ ಅಂದ್ರು. ಸರ್ವೇದವರು ಬಂದು ಪ್ರತಿ ಮನಿ ಗ್ವಾಡಿ ಮ್ಯಾಲೆ ಕೆಂಪು ಬಣ್ಣದಾಗ ನಂಬರ್ ಬರೆದು ಹೋದ್ರು, ಕೈಯಾಗ ಚೀಟಿ ಏನೂ ಕೊಡಲಿಲ್ಲ. ನಂಬರ್ ಇದ್ದವರಿಗೆ ಬದಲಿ ಫ್ಲ್ಯಾಟು. ಇಲ್ಲದವರು ಗಂಟುಮೂಟಿ ಕಟ್ಟಬೇಕು.

ಅಷ್ಟರಾಗ ದಸರಾ ಬಂತು. ದೇವರ ಮುಂದ ಘಟ ಹಾಕೋ ಮೊದಲು ಮನಿ ಪೂರಾ ತೊಳದು ಸುಣ್ಣ ಬಳೀದಿದ್ರ ನಮ್ಮ ಮಂದಿಗೆ ಅನ್ನ ಇಳಿಯಂಗಿಲ್ಲ. ನಾ ಆಫೀಸಿಗೆ ಹೋದಾಗ ಅವ್ವ, ಮಳಿಗೆ ಉಬ್ಬಿದ್ದ ಗಿಲಾವು ಕೆರೆದು, ಹೊಸದು ಮೆತ್ತಿ, ನೀಲಿ ಹಾಕಿದ ಸುಣ್ಣ ಬಳದಿದ್ಲು. ಸಂಜಿಗೆ ಬಂದು ನೋಡಿದ್ರ ಗ್ವಾಡಿ ಥಳಥಳ. ನಂಬರ್ ಮಾತ್ರ ಇಲ್ಲ.

"ಅವ್ವಾ, ನಂಬರ್ ಎಲ್ಲಿ?"

"ಹಬ್ಬದ ಗ್ವಾಡಿ ಮ್ಯಾಲೆ ಆ ಕೆಂಪು ಗೀರು ಯಾಕ? ಬರೆದು ಹೋದವರಿಗೆ ನಮ್ಮನಿ ನೆನಪಿರಂಗಿಲ್ಲೇನು?"

ಹಬ್ಬ ಮುಗಿದ ಮ್ಯಾಲೆ ತಪಾಸಣಿಗೆ ಒಬ್ಬ ಸಾಹೇಬ ಬಂದ. ಗ್ವಾಡಿ ನೋಡಿ, "ನಂಬರ್ ಇಲ್ಲ, ಇದು ಸರ್ವೇ ಆದ ಮ್ಯಾಲೆ ಹಾಕಿದ ಹೊಸಾ ಮನಿ" ಅಂತ ಮರಾಠಿಯಾಗ ಅಂದು ಮುಂದಕ್ಕ ಹೊಂಟ. ಅವ್ವ ಅಡ್ಡ ನಿಂತ್ಲು. ನಾ ಮರಾಠಿಯಾಗ ಎಲ್ಲಾ ಬಿಡಿಸಿ ಹೇಳಿದೆ. "ಹಿಂಗ ಎಲ್ಲಾರೂ ಹೇಳ್ತಾರ" ಅಂದ.

ಆಗ ಎದುರು ಮನಿಯಾಕಿ ಹೊರಗ ಬಂದ್ಲು. ಆಕಿಗೂ ಅವ್ವಗೂ ನಳದ ನೀರಿನ ಸಲುವಾಗಿ ಬೆಳಗಾದ್ರ ಜಗಳ. ಆ ದಸರಾಕ್ಕ ಒಬ್ಬರಿಗೊಬ್ಬರು ಜಗಳ ಮರೆಸೋ ಬನ್ನಿ ಸುದ್ದಾ ಕೊಟ್ಟಿರಲಿಲ್ಲ. ತಮಾಷಾ ನೋಡಾಕ ಬಂದ್ಲು ಅಂತ ನನಗ ಮೈ ಉರೀತು. ಆದ್ರ ಆಕಿ ಕೈಯಾಗ ಗಂಡ ಗಿಲಾವು ಮೆತ್ತೋ ಕರಣಿ ಇತ್ತು. ಸಾಹೇಬನ ಕಣ್ಣೆದುರಿಗೇ ತನ್ನ ಗ್ವಾಡಿ ಮ್ಯಾಲಿನ ನಂಬರ್ ಕರಕರ ಕೆರೆಯಾಕ ಹತ್ತಿದ್ಲು! ಅಂವ "ಅರೇ, ಅರೇ" ಅನ್ನೂದ್ರಾಗ ಕೆಂಪು ಗಿಲಾವು ನೆಲಕ್ಕ ಉದುರಿತ್ತು.

"ಈಗ ನನ್ನದೂ ಹೊಸಾ ಮನಿ. ಬರಕೋ" ಅಂದ್ಲು. ಅದನ್ನ ನಾ ಸಾಹೇಬಗ ಮರಾಠಿಯಾಗ ಹೇಳಿದೆ.

"ಹುಚ್ಚು ಹಿಡದದೇನು? ನಿನ್ನ ಫ್ಲ್ಯಾಟು ಹೋಗ್ತದ!" ಅಂತ ಸಾಹೇಬ ಚೀರಿದ. ಅದನ್ನ ನಾ ಕನ್ನಡದಾಗ ಆಕಿಗೆ ಹೇಳಿದೆ.

"ಹೋಗ್ಲಿ ಬಿಡು. ಈಕಿ ಇಲ್ಲದಲ್ಲಿ ನಾ ಯಾರ ಕೂಡ ಜಗಳಾಡ್ಲಿ?"

"ನಿನ್ನ ಬಾಯಾಗ ಮಣ್ಣು ಬೀಳ್ಲಿ" ಅಂತ ಅವ್ವ ಬೈಕೋತ ಬೈಕೋತ ಅತ್ತೇಬಿಟ್ಲು. ಅಷ್ಟೊತ್ತಿಗೆ ಬಾಜೂ ಮನಿಯಾಕಿನೂ ಕರಣಿ ತಂದ್ಲು, ಅದರಾಚೆ ಮನಿಯವರೂ ತಂದ್ರು. ಗೌಂಡಿಗಳ ಓಣಿ, ಕರಣಿಗೇನು ಬರ? ನೋಡನೋಡತಿದ್ದಂಗ ಓಣಿ ತುಂಬ ಕೆರೆಯೋ ಸಪ್ಪಳ. ನನಗ ಅಂಜಿಕಿ ಒಂದು ಕಡೆ, ನಗು ಒಂದು ಕಡೆ.

ಇಡೀ ಓಣಿ ಹೊಸಾ ಅಂತ ಬರೆದು ಸಾಹೇಬ ಆಫೀಸಿಗೆ ಹೋಗಿ ಏನಂತ ಉತ್ತರ ಕೊಡಬೇಕು? ಮತ್ತೊಮ್ಮೆ ಸರ್ವೇದವರನ್ನ ಕರಕೊಂಡು ಬಂದ. ಮೊದಲಿನಿಂದ ಎಲ್ಲಾ ಮನಿಗೂ ನಂಬರ್ ಬಿತ್ತು, ನಮ್ಮದಕ್ಕೂ ಬಿತ್ತು.

ಬದಲಿ ಫ್ಲ್ಯಾಟಿನಾಗೂ ನಮ್ಮ ಎದುರು ಬಾಗಿಲ ಅದೇ ಜಗಳದಾಕಿದು. ಅಲ್ಲಿಯ ಮೊದಲ ದಸರಾಕ್ಕ ಬನ್ನಿ ಹಿಡಕೊಂಡು ಬಂದು, "ತಗೋ, ಬಂಗಾರದಂಗ ಇರೂಣು" ಅಂದು, ಅದೇ ಉಸಿರಿನಾಗ "ನಾಳೆ ಕೆಳಗಿನ ನಳದ ನೀರು ಮೊದಲು ನಾನೇ ತುಂಬಾಕಿ ಮತ್ತ" ಅಂದ್ಲು.

ಪುಕ್ಕಟೆ ಅಂತ ಬರೆದವನೇ, ನಿನ್ನ ಬಿಲ್ಡಿಂಗಿನಾಗ ನಿನ್ನ ಸಲುವಾಗಿ ತನ್ನ ನಂಬರ್ ಕೆರಕೊಳ್ಳೋ ಒಬ್ಬರನ್ನ ತೋರ್ಸು. ಆಮ್ಯಾಲೆ ಮಾತಾಡೂಣು.